ಮಕ್ಕಳ ವಾರ್ಡುಗಳ ಸೋಂಕಿನ ಲೆಕ್ಕ ಹೊರಗೆ ಬರಲಿ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು.

ಇವರಿಂದ,
ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲ್ಲೂಕುಗಳ ಪಾಲಕರು.

ವಿಷಯ: ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಮಕ್ಕಳ ವಾರ್ಡುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಹರಡುವುದನ್ನು ತಡೆಯುವ ಕುರಿತು.

ಮಾನ್ಯರೇ,

ಇದೇ ವಿಷಯವಾಗಿ ನಾವು ಹಿಂದೆ ಸಲ್ಲಿಸಿದ ಮನವಿಗಳ ಮೇಲೆ ಸ್ವೀಕೃತಿಯ ಮುದ್ರೆ ಬಿದ್ದಿತೇ ಹೊರತು ಉತ್ತರ ಬರಲಿಲ್ಲ. ಅವುಗಳ ಪ್ರತಿ ಲಗತ್ತಿಸಿದ್ದೇವೆ. ಆಸ್ಪತ್ರೆಗಳ ಸ್ವಚ್ಛತೆಗಾಗಿ ಬಂದ 2015ರ ಕಾಯಕಲ್ಪ ಯೋಜನೆ, 2020ರ ರಾಷ್ಟ್ರೀಯ ಸೋಂಕು ತಡೆ ಮಾರ್ಗಸೂಚಿ, ಮಕ್ಕಳ ಚಿಕಿತ್ಸೆಯ ಗುಣಮಟ್ಟಕ್ಕಾಗಿ ಬಂದ 2021ರ ಮುಸ್ಕಾನ್ ಯೋಜನೆ ತಮಗೆ ತಿಳಿದೇ ಇವೆ. ಹೊಸ ನಿಯಮ ಮಾಡಿ ಎಂದು ನಾವು ಬಂದಿಲ್ಲ. ಯಾವ ವಾರ್ಡಿನಲ್ಲಿ, ಯಾವ ತಿಂಗಳು, ಎಷ್ಟು ಕೂಸುಗಳಿಗೆ ದಾಖಲಾದ ಮೇಲೆ ಸೋಂಕು ತಗುಲಿತು, ಯಾವ ರೋಗಾಣುವಿನಿಂದ ತಗುಲಿತು ಎಂಬ ಲೆಕ್ಕವನ್ನು ಆಸ್ಪತ್ರೆಗಳು ಕೂಸುಗಳ ಹೆಸರುಗಳನ್ನು ಬಿಟ್ಟು ಪ್ರತಿ ತಿಂಗಳು ಪ್ರಕಟಿಸಬೇಕು. ನಮ್ಮ ಮುಖ್ಯ ಬೇಡಿಕೆ ಇಷ್ಟೇ.

ಲೆಕ್ಕವಿಲ್ಲದಿದ್ದರೆ ಸೋಂಕು ಹರಡಿದ್ದೇ ಕಣ್ಣಿಗೆ ಬೀಳುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿತು, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆ ನಿಂತಿತು. ಆ ಸಾವುಗಳು ಸಾಲಾಗಿ ಕಂಡವು. ಎಳೆಗೂಸುಗಳ ಸಾವು ಹಾಗೆ ಕಾಣುವುದಿಲ್ಲ. ಒಂದು ಕೂಸಿನ ಕಾಗದದಲ್ಲಿ ಅವಧಿಪೂರ್ವ ಜನನ, ಇನ್ನೊಂದರ ಕಾಗದದಲ್ಲಿ ಕಡಿಮೆ ತೂಕ, ಮತ್ತೊಂದರ ಕಾಗದದಲ್ಲಿ ನ್ಯುಮೋನಿಯಾ ಎಂದು ಬರೆದು ಮುಗಿಸಬಹುದು. ಮೂರರ ರಕ್ತದಲ್ಲೂ ಒಂದೇ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಇದ್ದರೂ, ರೋಗಾಣು ಪತ್ತೆಮಾಡುವ ರಕ್ತದ ಕಲ್ಚರ್ ಪರೀಕ್ಷೆ ಮಾಡಿಸದಿದ್ದರೆ ಅವು ಮೂರು ಬೇರೆ ಬೇರೆ ಸಾವುಗಳಾಗಿಯೇ ಉಳಿಯುತ್ತವೆ.

ತಾಯಂದಿರ ಅಶುಚಿಯಿಂದ, ನೋಡಲು ಬರುವ ನೆಂಟರಿಂದ ಸೋಂಕು ಬರುತ್ತದೆ ಎಂಬ ಮಾತನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಸೋಂಕಿನ ಮೂರರಲ್ಲಿ ಸುಮಾರು ಎರಡು ಪಾಲು ಹುಟ್ಟಿದ 72 ಗಂಟೆಯೊಳಗೇ ಕಾಣಿಸಿಕೊಂಡಿತು. ಆ ಮೊದಲ ದಿನಗಳಲ್ಲೂ ಹೆಚ್ಚಾಗಿ ಸಿಕ್ಕದ್ದು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳಂಥ ಆಸ್ಪತ್ರೆಯ ರೋಗಾಣುಗಳೇ. ಹೆರಿಗೆ ಕೋಣೆಯಿಂದಲೇ ಕಾಟ ಶುರುವಾಗುತ್ತಿರಬಹುದು ಎಂಬುದಕ್ಕೆ ಇದು ಸೂಚನೆ. ಅಸಿನೆಟೋಬ್ಯಾಕ್ಟರ್ ಒಣ ಮೇಲ್ಮೈ ಮೇಲೆ ವಾರಗಟ್ಟಲೆ ಬದುಕಬಲ್ಲದು. ಆಕ್ಸಿಜನ್ ಕೊಡುವಾಗ ಗುಳುಗುಳು ಎನ್ನುವ ಆ ಚಿಕ್ಕ ಬಾಟಲಿಯನ್ನೇ ನೋಡಿ. ನಿತ್ಯ ತೊಳೆದು ಶುದ್ಧೀಕರಿಸಿದ ನೀರು ತುಂಬದೆ, ಹಳೆಯ ನೀರಿನ ಮೇಲೆಯೇ ನಲ್ಲಿ ನೀರು ಸುರಿದರೆ ಆ ಬಾಟಲಿಯೇ ಇನ್ನೊಂದು ರೋಗಾಣುವಾದ ಸ್ಯೂಡೋಮೊನಾಸ್‌ನ ತೊಟ್ಟಿಲಾಗುತ್ತದೆ. ಅದನ್ನು ತುಂಬುವವಳು ತಾಯಿಯಲ್ಲ. ತಾಯಿಯನ್ನು ದೂರವಿಟ್ಟರೆ ಸೋಂಕು ತಗ್ಗುತ್ತದೆ ಎಂಬುದೂ ಸುಳ್ಳು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒರಗಿಸಿಟ್ಟ ಕಡಿಮೆ ತೂಕದ ಕೂಸುಗಳಲ್ಲಿ 28 ದಿನದೊಳಗಿನ ಸಾವು ಕಾಲುಭಾಗದಷ್ಟು ಕಡಿಮೆಯಾಗಿತ್ತು.

ಸಿಬ್ಬಂದಿ ಇಲ್ಲ, ಅನುದಾನ ಇಲ್ಲ ಎನ್ನುವ ಉತ್ತರದಲ್ಲಿ ಅರ್ಧ ನಿಜವಿದೆ. ಮದ್ಯಸಾರದ ದ್ರಾವಣದಿಂದ ಕೈ ಶುಚಿ ಮಾಡಲು 20ರಿಂದ 30 ಸೆಕೆಂಡು ಬೇಕು. 20 ಕೂಸುಗಳನ್ನು ಒಬ್ಬರೇ ನರ್ಸ್ ನೋಡಬೇಕಾದರೆ, ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಕೈ ಶುಚಿಗೊಳಿಸಲು ಒಂದು ಸುತ್ತಿಗೇ 20 ನಿಮಿಷದವರೆಗೆ ಹೋಗುತ್ತದೆ. ಆದ್ದರಿಂದ ನಾವು ನರ್ಸುಗಳನ್ನು ದೂರುವುದಿಲ್ಲ; ರಾತ್ರಿ ಪಾಳಿಗೆ ಇನ್ನಷ್ಟು ನರ್ಸುಗಳನ್ನು ಕೊಡಿ ಎನ್ನುತ್ತೇವೆ. ಆದರೆ ದ್ರಾವಣ ಖಾಲಿಯಾಗಿದೆ ಎಂಬ ನೆಪವನ್ನು ಒಪ್ಪಲಾರೆವು. ಎಥನಾಲ್, ಗ್ಲಿಸರಿನ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಆಸ್ಪತ್ರೆಯ ಔಷಧಾಲಯದಲ್ಲೇ ಅದನ್ನು ತಯಾರಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟು ಎಷ್ಟೋ ವರ್ಷಗಳಾದವು.

ಅಂಕಿ ಪ್ರಕಟಿಸಿದರೆ ಜನ ಹೆದರಿ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ ಎಂಬ ಆತಂಕಕ್ಕೆ, ಖಾಸಗಿಯವರಿಂದಲೂ ಅದೇ ಲೆಕ್ಕ ಕೇಳುವುದೇ ಉತ್ತರ. ಜನ ಈಗಲೂ ಹೆದರಿಯೇ ಇದ್ದಾರೆ, ಗಾಳಿಮಾತು ಕೇಳಿ ಹೆದರಿದ್ದಾರೆ.

ಮುಖ್ಯ ಬೇಡಿಕೆಯ ಜೊತೆಗೆ ಇವೂ ಆಗಬೇಕು. ಇಳಕಲ್‌ನಿಂದ ಹುನಗುಂದದ ಮೂಲಕ ಒಂದು, ಬಾದಾಮಿಯಿಂದ ಒಂದು ವಾಹನ ದಿನವೂ ರಕ್ತದ ಕಲ್ಚರ್ ಬಾಟಲಿಗಳನ್ನು ಬಾಗಲಕೋಟೆ ನವನಗರದ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಕೂಸನ್ನು ಬೆಚ್ಚಗಿಡುವ ಒಂದು ವಾರ್ಮರ್‌ನಲ್ಲಿ ಎರಡು ಕೂಸುಗಳನ್ನು ಮಲಗಿಸಬಾರದು. ನಲ್ಲಿಗಳು ಮೊಣಕೈಯಿಂದ ತಿರುಗಿಸುವಂಥವು ಆಗಬೇಕು, ನಾಯಿ ಬೆಕ್ಕು ಒಳಬರದಂತೆ ಬಾಗಿಲು ಭದ್ರವಾಗಬೇಕು, ತಾಯಂದಿರಿಗೆ ಮಲಗಲು ಕೋಣೆ ಬೇಕು. ಕೂಸುಗಳನ್ನು ಸುತ್ತುವ, ಕುದಿಸಿ ತೊಳೆಯಬಲ್ಲ ಹತ್ತಿ ಬಟ್ಟೆಯನ್ನು ಇಳಕಲ್ ಭಾಗದ ನೇಕಾರರಿಂದಲೇ ಖರೀದಿಸುವಂತೆ ಹಾಗೂ ಕೂಸಿನೊಂದಿಗೆ ಆಸ್ಪತ್ರೆಯಲ್ಲಿ ಉಳಿಯುವ ನೇಕಾರ ತಾಯಂದಿರಿಗೆ ಆ ದಿನಗಳ ಕೂಲಿ ಪರಿಹಾರ ದೊರೆಯುವಂತೆ ಶಿಫಾರಸು ಮಾಡಬೇಕೆಂದೂ ಕೋರುತ್ತೇವೆ.

ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ 2005ರ ಕಾಯ್ದೆಯ 13 ಮತ್ತು 14ನೇ ಕಲಂಗಳಡಿ ತಾವೇ ವಿಚಾರಣೆ ಕೈಗೆತ್ತಿಕೊಂಡು, ನಾಲ್ಕೂ ತಾಲ್ಲೂಕುಗಳ ವಾರ್ಡುಗಳಿಗೆ ಮುನ್ಸೂಚನೆ ಕೊಡದೆ ಭೇಟಿ ನೀಡಬೇಕು. 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಮಾಹಿತಿ ಹಕ್ಕು ಕಾಯ್ದೆಯಡಿ ಪ್ರತಿಯೊಂದು ಸರ್ಕಾರಿ ಮಕ್ಕಳ ವಾರ್ಡಿನ ಕಳೆದ ಮೂರು ವರ್ಷಗಳ ಕಲ್ಚರ್ ವರದಿಗಳ ಲೆಕ್ಕ ಕೇಳಿ ಅರ್ಜಿ ಹಾಕುತ್ತೇವೆ.

ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ಪಾಲಕರು
(ಸಹಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ)