ಶಿಕ್ಷೆ ಕೊಡಿಸಿದ ಕಚೇರಿಯೇ ಮರುತನಿಖೆಗೆ ಇಳಿದರೆ

ಕೊಲೆ ಕೇಸಿನಲ್ಲಿ ಆರೋಪಿಗೆ ಶಿಕ್ಷೆ ಆಯಿತು ಅಂದರೆ ಸರ್ಕಾರಿ ವಕೀಲರ ಕೆಲಸ ಮುಗಿಯಿತು ಅಂತಲೇ ನಾವೆಲ್ಲ ಅಂದುಕೊಳ್ಳುತ್ತೇವೆ. ಕೇಸು ಗೆದ್ದಾಯಿತು, ಫೈಲು ಬೀರು ಸೇರಿತು. ಆದರೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸರ್ಕಾರಿ ವಕೀಲರ ಕಚೇರಿಯೇ 22 ವರ್ಷದ ಹಿಂದೆ ತಾನು ಗೆದ್ದಿದ್ದ ಕೇಸಿನ ಫೈಲನ್ನು ಮತ್ತೆ ಬಿಚ್ಚಿತು. ಮುಂದೆ ಏನಾಯಿತು ಅನ್ನೋದನ್ನು ನಾವೂ ತಿಳಿದುಕೊಳ್ಳಬೇಕು.

1999ರ ಜನವರಿಯಲ್ಲಿ ಹೇ ಮಿನ್ ಲೀ ಎಂಬ 18 ವರ್ಷದ ಹೈಸ್ಕೂಲ್ ವಿದ್ಯಾರ್ಥಿನಿ ಕಾಣೆಯಾದಳು. ಕೆಲ ವಾರಗಳ ನಂತರ ಉದ್ಯಾನವೊಂದರಲ್ಲಿ ಹೂತಿಟ್ಟ ಆಕೆಯ ಶವ ಸಿಕ್ಕಿತು. ಆಕೆಯ ಮಾಜಿ ಪ್ರೇಮಿ, 17 ವರ್ಷದ ಅದ್ನಾನ್ ಸೈಯದ್‌ನನ್ನು ಪೊಲೀಸರು ಬಂಧಿಸಿದರು. ಶವ ಹೂಳಲು ತಾನೇ ಸಹಾಯ ಮಾಡಿದೆ ಎಂದ ಪರಿಚಿತನೊಬ್ಬನ ಸಾಕ್ಷಿ ಮತ್ತು ಮೊಬೈಲ್ ಟವರ್ ದಾಖಲೆ, ಇವೆರಡೇ ಕೇಸಿಗೆ ಮುಖ್ಯ ಆಧಾರ. 2000ದಲ್ಲಿ ಜೀವಾವಧಿ ಶಿಕ್ಷೆ ಮತ್ತು ಅದರ ಮೇಲೆ 30 ವರ್ಷ ಜೈಲು ಆಯಿತು. 2014ರಲ್ಲಿ ‘ಸೀರಿಯಲ್’ ಎಂಬ ಪಾಡ್‌ಕಾಸ್ಟ್ ಈ ಕಥೆಯನ್ನು ಜಗತ್ತಿಗೆಲ್ಲ ಕೇಳಿಸಿತು.

2022ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆ ಕೊಡಿಸಿದ್ದ ಅದೇ ಕಚೇರಿ ಕೋರ್ಟಿಗೆ ಹೋಗಿ, ಈ ಶಿಕ್ಷೆಯ ಮೇಲೆ ನಮಗೇ ನಂಬಿಕೆ ಉಳಿದಿಲ್ಲ, ರದ್ದು ಮಾಡಿ ಎಂದು ಕೇಳಿತು. ಬೇರೆ ಇಬ್ಬರ ಮೇಲೆ ಅನುಮಾನ ಇತ್ತು, ಆ ಮಾಹಿತಿಯನ್ನು ಆರೋಪಿ ಪರ ವಕೀಲರಿಗೆ ಕೊಟ್ಟಿರಲಿಲ್ಲ, ಟವರ್ ದಾಖಲೆಯೂ ನಂಬುವಂಥದ್ದಲ್ಲ ಎಂದಿತು. ಐದೇ ದಿನದಲ್ಲಿ ಶಿಕ್ಷೆ ರದ್ದಾಗಿ ಸೈಯದ್ ಹೊರಗೆ ಬಂದ.

ಆ ಅವಸರದಲ್ಲೇ ಎಡವಟ್ಟಾಯಿತು. ಸೋಮವಾರದ ವಿಚಾರಣೆಯ ವಿಷಯ ಹುಡುಗಿಯ ಸಹೋದರನಿಗೆ ತಿಳಿದದ್ದು ಶುಕ್ರವಾರ. ಆತ ದೂರದ ಕ್ಯಾಲಿಫೋರ್ನಿಯಾದಿಂದ ವಿಡಿಯೋ ಕರೆಯಲ್ಲೇ ಮಾತನಾಡಬೇಕಾಯಿತು. ಸಾಕ್ಷ್ಯವನ್ನು ನ್ಯಾಯಾಧೀಶರಿಗೆ ತೋರಿಸಿದ್ದು ತೆರೆದ ಕೋರ್ಟಿನಲ್ಲಲ್ಲ, ಅವರ ಕೊಠಡಿಯೊಳಗೆ. ಕುಟುಂಬ ಮೇಲ್ಮನವಿ ಹಾಕಿತು. 2023ರಲ್ಲಿ ಶಿಕ್ಷೆ ಮತ್ತೆ ಜಾರಿಯಾಯಿತು. 2024ರ ಆಗಸ್ಟ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ವಿಚಾರಣೆ ಹೊಸದಾಗಿ ನಡೆಯಲಿ ಎಂದಿತು.

ಅಷ್ಟರಲ್ಲಿ ಚುನಾವಣೆ ನಡೆದು ಕಚೇರಿಯ ಮುಖ್ಯಸ್ಥರು ಬದಲಾಗಿದ್ದರು. ಅಲ್ಲಿ ಆ ಹುದ್ದೆಗೆ ಜನರೇ ಓಟು ಹಾಕುತ್ತಾರೆ. ಹೊಸಬರಾದ ಐವನ್ ಬೇಟ್ಸ್ 2025ರ ಫೆಬ್ರುವರಿಯಲ್ಲಿ, ಹಿಂದಿನವರ ಅರ್ಜಿಯಲ್ಲೇ ಸುಳ್ಳು ಮತ್ತು ದಾರಿ ತಪ್ಪಿಸುವ ಮಾತುಗಳಿವೆ ಎಂದು ಅದನ್ನು ಹಿಂದಕ್ಕೆ ಪಡೆದರು. ಮಾರ್ಚ್‌ನಲ್ಲಿ ನ್ಯಾಯಾಧೀಶೆಯೊಬ್ಬರು ಸೈಯದ್ ಜೈಲಿನಲ್ಲಿ ಕಳೆದ ಅವಧಿಯೇ ಸಾಕು ಎಂದು ಶಿಕ್ಷೆ ಇಳಿಸಿದರು. ಆತ ಹೊರಗಿದ್ದಾನೆ, ಅಪರಾಧಿ ಎಂಬ ಹಣೆಪಟ್ಟಿ ಮಾತ್ರ ಹೋಗಲಿಲ್ಲ.

ಅಪರಾಧಿ, ಅಲ್ಲ, ಮತ್ತೆ ಅಪರಾಧಿ. ಒಂದೇ ಕಚೇರಿ ಮೂರು ಮಾತು ಆಡಿತು. ಹಾಗಂತ ಫೈಲು ಬಿಚ್ಚಲೇಬಾರದಿತ್ತು ಅನ್ನೋಣವೇ? ಖಂಡಿತ ಬೇಡ. ಪೊಲೀಸರು ಕೊಟ್ಟ ಎಲ್ಲ ಕಾಗದ ಇರುವುದು ಆ ಕಚೇರಿಯಲ್ಲೇ. ಆರೋಪಿ ಕಡೆಯವರಿಗೆ ಕೊಡದ ಚೀಟಿ ಅಲ್ಲಿದ್ದರೆ ಅದನ್ನು ಹುಡುಕಿ ತೆಗೆಯಬೇಕಾದವರೂ ಅವರೇ. ಆದರೆ ಆ ಕೆಲಸ ತೆರೆದ ಕೋರ್ಟಿನಲ್ಲಿ ಆಗಬೇಕು. ಮಗಳನ್ನು ಕಳೆದುಕೊಂಡ ಮನೆಯವರಿಗೆ ಮೊದಲೇ ತಿಳಿಸಿ, ಅವರ ಮಾತೂ ಕೇಳಬೇಕು. ಕುರ್ಚಿಯ ಮೇಲೆ ಯಾರು ಕೂತಿದ್ದಾರೆ ಅನ್ನೋದರ ಮೇಲೆ ಸತ್ಯ ಬದಲಾಗುವ ಹಾಗಿದ್ದರೆ ಆರೋಪಿಗೂ ನ್ಯಾಯವಿಲ್ಲ, ಸತ್ತವರಿಗೂ ಇಲ್ಲ.

ಈಗ ನಮ್ಮ ಕಡೆ ನೋಡಿ. ಪತ್ನಿಯ ಕೊಲೆ ಆರೋಪದಲ್ಲಿ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ ಕೊಡಗಿನ ಬುಡಕಟ್ಟು ಕೂಲಿಯೊಬ್ಬರ ಕೇಸು ನೆನಪಿರಬಹುದು. 2025ರಲ್ಲಿ ಆ ಪತ್ನಿ ಜೀವಂತವಾಗಿ ಕಣ್ಣಿಗೆ ಬಿದ್ದರು! ಮೈಸೂರಿನ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಅಲ್ಲಿ ತಪ್ಪು ಬಯಲಾದದ್ದು ಯಾವ ಕಚೇರಿಯ ಪರಿಶೀಲನೆಯಿಂದಲೂ ಅಲ್ಲ, ಅದೃಷ್ಟದಿಂದ. ಆಕೆ ಕಣ್ಣಿಗೆ ಬೀಳದೆ ಶಿಕ್ಷೆ ಆಗಿಬಿಟ್ಟಿದ್ದರೆ?

ಶಿಕ್ಷೆ ಆದವರಿಗೆ ನಮ್ಮಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೇಲ್ಮನವಿ ಇದೆ. ಅದಕ್ಕೆ ದುಡ್ಡು ಬೇಕು, ಓಡಾಡುವವರು ಬೇಕು. ತಪ್ಪಾಗಿ ಕೇಸಿಗೆ ಸಿಕ್ಕವರಿಗೆ ಪರಿಹಾರ ಕೊಡಲು ಕಾನೂನು ಮಾಡಿ ಎಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿದೆ. ಪರಿಹಾರ ಬೇಕು, ನಿಜ. ಅದಕ್ಕಿಂತ ಮೊದಲು ತಪ್ಪು ಆಗಿದೆಯೇ ಎಂದು ನೋಡುವವರು ಬೇಕಲ್ಲ? ಪ್ರಾಸಿಕ್ಯೂಷನ್ ಇಲಾಖೆಯಲ್ಲಿ ಹಳೇ ಕೊಲೆ ಕೇಸುಗಳನ್ನು ಮರಳಿ ನೋಡುವ ಒಂದು ವಿಭಾಗ ಇರಲಿ. ಅದರ ವರದಿ ಕೋರ್ಟಿಗೂ, ಎರಡೂ ಕಡೆಯವರಿಗೂ ಸಿಗಲಿ. ಬಾಲ್ಟಿಮೋರ್‌ನಲ್ಲಿ ಆದ ಎಡವಟ್ಟು ಗೊತ್ತಿದ್ದೇ ನಾವು ಶುರು ಮಾಡಬಹುದು.

ಸರ್ಕಾರಿ ವಕೀಲರಿಗೆ ಸಂಬಳ ಕೊಡುವುದು ನಮ್ಮ ತೆರಿಗೆ ಹಣ. ಅದು ಕೇಸು ಗೆಲ್ಲಲಿ ಎಂದಲ್ಲ, ನ್ಯಾಯ ಸಿಗಲಿ ಎಂದು.