ಶಾಸನದ ಎರಡು ಪದಗಳು

ಸಲಿಂಗ ವಿವಾಹದ ವಾದವು ಈಚೆಗೆ ನಮ್ಮ ಜಗಲಿಗಳನ್ನೂ ಹತ್ತಿರುವುದರಿಂದ, ನ್ಯಾಯಾಲಯವು ಹೇಳಿದುದೇನು, ಹೇಳದೆ ಬಿಟ್ಟುದೇನು ಎಂಬುದನ್ನು ಗೃಹಸ್ಥರು ಅರಿತಿರುವುದು ಮೇಲೆಂದು ನಮಗೆ ತೋರುತ್ತದೆ.

ವಯಸ್ಕರಿಬ್ಬರ ಸಮ್ಮತಿಯಿಂದಾದ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿಯೇ ತೀರ್ಪಿತ್ತಿತು. ಆದರೆ ಅಪರಾಧವಲ್ಲದುದೆಲ್ಲವೂ ವಿವಾಹವೆನಿಸದಷ್ಟೆ! ಆದುದರಿಂದ ಎರಡನೆಯ ವ್ಯಾಜ್ಯವು, ಜಾತಿಮತಗಳ ಹಂಗಿಲ್ಲದೆ ಮದುವೆಯನ್ನು ದಾಖಲೆಮಾಡುವ 1954ರ ವಿಶೇಷ ವಿವಾಹ ಶಾಸನವನ್ನು ಹಿಡಿದು ನಡೆಯಿತು. ಅದರ ನಾಲ್ಕನೆಯ ಕಲಮು ವ್ಯಾಕರಣ ಪಾಠ ಹೇಳಿದ ನಮ್ಮಂತಹವರಿಗೆ ಕುತೂಹಲಕರವಾದುದು. ಆರಂಭದಲ್ಲಿ ಯಾವುದೇ ಇಬ್ಬರು ‘ವ್ಯಕ್ತಿಗಳು’ ಎಂದಿದೆ. ಕೆಳಗಿಳಿದರೆ ಗಂಡಿಗೆ 21 ವರ್ಷ, ಹೆಣ್ಣಿಗೆ 18 ವರ್ಷ ತುಂಬಿರಬೇಕೆಂದಿದೆ. ಮೊದಲನೆಯ ಪದವನ್ನು ಹಿಡಿದವರಿಗೆ ಬಾಗಿಲು ತೆರೆದಂತೆ ಕಂಡಿತು. ಎರಡನೆಯದನ್ನು ಹಿಡಿದವರಿಗೆ ಮುಚ್ಚಿದಂತೆ.

2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ವಿವಾಹದ ನಿರುಪಾಧಿಕ ಹಕ್ಕು ಸಂವಿಧಾನದಲ್ಲಿಲ್ಲ, ಶಾಸನದ ಪದಗಳನ್ನು ತಿದ್ದುವುದು ಸಂಸತ್ತಿನ ಕೆಲಸ ಎಂಬುದರಲ್ಲಿ ಐವರೂ ಒಂದೇ ಮತ. ಇಂತಹವರ ಸಹಜೀವನಕ್ಕಾದರೂ ಸರಕಾರವು ಮನ್ನಣೆ ಕೊಡಬೇಕೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲರೂ ಬರೆದರು. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಪಂಡಿತ ಮಿತ್ರರೊಬ್ಬರು ‘ದಂಪತಿ’ ಶಬ್ದವನ್ನೇ ಪ್ರಮಾಣವಾಗಿ ನಮ್ಮ ಮುಂದೊಡ್ಡಿದರು. ವೇದದಲ್ಲಿ ಆ ಶಬ್ದಕ್ಕೆ ಮನೆಯ ಒಡೆಯನೆಂದೂ ಅರ್ಥವುಂಟು, ದ್ವಿವಚನದಲ್ಲಿ ಗಂಡಹೆಂಡಿರು. ಶಬ್ದವನ್ನು ಹಿಂಡಹೊರಟರೆ ವಾದಿ ಪ್ರತಿವಾದಿಗಳಿಬ್ಬರಿಗೂ ರಸ ದೊರೆತೀತು. ಅಗ್ನಿಸಾಕ್ಷಿಯ ವಿಚಾರವನ್ನು ಆಯಾ ಮತದವರು ನೋಡಿಕೊಳ್ಳಲಿ. ನಮ್ಮ ಚಿಂತೆಯೆಲ್ಲ ಕಚೇರಿಯ ದಫ್ತರಿನದು.

2024ರಲ್ಲಿ ಕೇಂದ್ರ ಸರಕಾರವು, ಇಂತಹ ಜೊತೆಗಾರರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ತಿಳಿಸಿತು; ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕೆಂದು ರಾಜ್ಯಗಳಿಗೂ ಬರೆಯಿತು. ಅಕ್ಕಿಬೇಳೆಯ ಮಟ್ಟಿಗೆ ಸಂಸಾರವಾದವರು ಆಸ್ತಿಯ ಮಟ್ಟಿಗೆ ಪರಕೀಯರಾಗಿ ಉಳಿಯುವುದು ನಮಗೆ ನ್ಯಾಯವೆಂದು ತೋರದು. ನಾಮಿನಿಯಾದವರು ಹಣವನ್ನು ಪಡೆದುಕೊಳ್ಳಬಹುದು, ಆದರೆ ವಾರಸುದಾರರು ಅದನ್ನು ಕೇಳಬಲ್ಲರು. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಉಂಡವರಲ್ಲಿ ಒಬ್ಬರು ಉಯಿಲು ಬರೆಯದೆ ಕಣ್ಣುಮುಚ್ಚಿದರೆ, 1956ರ ಹಿಂದೂ ಉತ್ತರಾಧಿಕಾರ ಶಾಸನದಂತೆ ಸ್ವತ್ತು ರಕ್ತಸಂಬಂಧಿಗಳ ಪಾಲಾಗುವುದು. ಬೇರೆ ಹತ್ತಿರದವರಿಲ್ಲದಿದ್ದರೆ, ಎಂದೂ ಹೊಸ್ತಿಲು ತುಳಿಯದ ಅಣ್ಣನ ಮಗನಿಗಾದರೂ ಸಲ್ಲುವುದೇ ಹೊರತು, ಔಷಧವನ್ನು ಅರೆದು ಕೊಟ್ಟವರಿಗೆ ಸಲ್ಲದು.