ನಡೆಯುವವರ ನೆಲದಲ್ಲಿ ವರ್ಣಕಲೆ

ಕಲಾಕೃತಿಯ ಸ್ಥಾನ ಸಂಗ್ರಹಾಲಯದ ಗೋಡೆಯೇ ಹೊರತು ಜನರು ತುಳಿದು ನಡೆಯುವ ನೆಲವಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. ಜೀವಮಾನದ ದುಡಿಮೆಯಿಂದಲೇ ಇದನ್ನು ಅಲ್ಲಗಳೆದವರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಕಾರ್ಲೋಸ್ ಕ್ರೂಸ್-ದಿಯೆಸ್ ಪ್ರಮುಖರು. 1923ರಲ್ಲಿ ಕರಾಕಸ್ ನಗರದಲ್ಲಿ ಜನಿಸಿದ ಅವರು 1960ರಲ್ಲಿ ಮಡದಿ ಮಕ್ಕಳೊಡನೆ ಪ್ಯಾರಿಸ್ಸಿಗೆ ವಲಸೆ ಹೋದರು. 2019ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನ ಹೊಂದಿದರು.

ಅವರು ಕೈಗೊಂಡದ್ದು ಚಲನಕಲೆ. ಆದರೆ ಅವರ ಬಹುಪಾಲು ಕೃತಿಗಳಲ್ಲಿ ಯಂತ್ರವಿಲ್ಲ, ತಿರುಗುವ ಚಕ್ರವಿಲ್ಲ, ಚಲಿಸುವವನು ಪ್ರೇಕ್ಷಕನೇ. 1959ರಲ್ಲಿ ಆರಂಭಿಸಿದ 'ಫಿಸಿಕ್ರೋಮಿ' ಎಂಬ ಕೃತಿಶ್ರೇಣಿಯಲ್ಲಿ ಬಣ್ಣದ ತೆಳುಪಟ್ಟಿಗಳನ್ನು ಅಂಚು ಮುಂದಾಗುವಂತೆ ಸಾಲಾಗಿ ನಿಲ್ಲಿಸಲಾಗಿದೆ. ನೋಡುವವನು ಎಡದಿಂದ ಬಲಕ್ಕೆ ಸರಿದಂತೆ ಒಂದು ವರ್ಣ ಅಡಗಿ ಮತ್ತೊಂದು ಮೂಡುತ್ತದೆ. ಅಲ್ಲಿ ಬಳಿಯದೆಯೇ ಇರುವ ಮೂರನೆಯ ವರ್ಣವೂ ಕಣ್ಣಿಗೆ ಗೋಚರಿಸುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳಿಂದ ತುಂಬಿದ ಕೋಣೆಗಳನ್ನೂ ಅವರು ರಚಿಸಿದರು. ಒಂದರಿಂದ ಇನ್ನೊಂದಕ್ಕೆ ನಡೆದವನಿಗೆ ವರ್ಣವೆಂಬುದು ವಸ್ತುವಿಗೆ ಅಂಟಿದ ಗುಣವಲ್ಲವೆಂಬುದೂ, ಬೆಳಕು ಮತ್ತು ಕಣ್ಣುಗಳ ಕೂಟದಲ್ಲಿ ಅದು ಕ್ಷಣಕ್ಷಣವೂ ಹುಟ್ಟುವುದೆಂಬುದೂ ವೇದ್ಯವಾಗುತ್ತದೆ. ಅಧ್ಯಾಪಕರು ಪಾಠದಿಂದ ತಿಳಿಸಬಹುದಾದ ಸತ್ಯವನ್ನು ವಿದ್ಯಾರ್ಥಿ ಇಲ್ಲಿ ನಡೆದೇ ಅರಿಯುತ್ತಾನೆ.

ಪರದೇಶದಲ್ಲಿ ಪಕ್ವಗೊಂಡ ಈ ವಿದ್ಯೆಯನ್ನು ಅವರು ತಾಯ್ನಾಡಿಗೂ ಧಾರೆಯೆರೆದರು. 1977ರಿಂದ 1986ರವರೆಗೆ ಕರೋನಿ ನದಿಯ ಗುರಿ ಜಲವಿದ್ಯುದಾಗಾರದ ಯಂತ್ರಶಾಲೆಗೆ ವರ್ಣವಿನ್ಯಾಸ ನೀಡಿದರು. ಅದಕ್ಕೂ ಮುನ್ನ, 1974ರಲ್ಲಿ, ಕರಾಕಸ್ ಸಮೀಪದ ಮೈಕೆತೀಯಾ ವಿಮಾನ ನಿಲ್ದಾಣದ ನೆಲ ಮತ್ತು ಗೋಡೆಗಳನ್ನು ಬಣ್ಣದ ಸಣ್ಣ ಬಿಲ್ಲೆಗಳ ಪಟ್ಟಿಗಳಿಂದ ಅಲಂಕರಿಸುವ ಕಾರ್ಯ ಆರಂಭವಾಗಿ 1978ರ ವೇಳೆಗೆ ಪೂರ್ಣಗೊಂಡಿತು.

ಇದು ತೈಲಸಂಪತ್ತಿನ ಕಾಲದ ಆಡಂಬರವೆಂದು, ಬಡವರಿರುವ ನಾಡಿಗೆ ಇಂತಹ ಅಲಂಕಾರವೇಕೆಂದು ಆಕ್ಷೇಪಿಸುವವರುಂಟು. ಆಕ್ಷೇಪ ನಿರಾಧಾರವೇನಲ್ಲ, ಆ ದಶಕದಲ್ಲಿ ತೈಲದ ಹಣ ಹೊಳೆಯಾಗಿ ಹರಿದದ್ದು ನಿಜ. ಆದರೆ ಆ ಹಣದಿಂದ ಆದ ಎಷ್ಟೋ ವೆಚ್ಚಗಳ ಫಲ ಕೆಲವರ ಪಾಲಾಯಿತು. ಆ ನೆಲವಾದರೋ ಹೊರೆ ಹೊರುವ ಕೂಲಿಯವನಿಗೂ ಅಧಿಕಾರಿಗೂ ಸಮಾನವಾಗಿ ದೊರೆಯಿತು. ಪ್ರವೇಶಧನವಿಲ್ಲದೆ, ಪಾಂಡಿತ್ಯದ ಹಂಗಿಲ್ಲದೆ ದೊರೆಯುವ ಕಲೆಯನ್ನು ಆಡಂಬರವೆನ್ನುವುದು ನ್ಯಾಯವಲ್ಲ.

ಆ ನೆಲದ ಅರ್ಥವನ್ನು ಕಾಲವು ಮತ್ತಷ್ಟು ಗಾಢಗೊಳಿಸಿತು. 2014ರ ನಂತರದ ವರ್ಷಗಳಲ್ಲಿ ಆರ್ಥಿಕ ಕುಸಿತಕ್ಕೂ ರಾಜಕೀಯ ಕ್ಷೋಭೆಗೂ ಸಿಲುಕಿ 70 ಲಕ್ಷಕ್ಕೂ ಹೆಚ್ಚು ವೆನೆಜುವೆಲನ್ನರು ದೇಶ ತೊರೆದರು. ಬಹಳ ಮಂದಿ ಗಡಿಯನ್ನು ಕಾಲ್ನಡಿಗೆಯಲ್ಲೇ ದಾಟಿದರು. ವಿಮಾನವೇರಿದವರಲ್ಲಿ ಅನೇಕರು ಆ ಬಣ್ಣದ ಪಟ್ಟಿಗಳ ಮೇಲೆ ನಿಂತ ತಮ್ಮ ಪಾದಗಳ ಭಾವಚಿತ್ರ ತೆಗೆದುಕೊಂಡು ತಾಯ್ನೆಲಕ್ಕೆ ವಿದಾಯ ಹೇಳಿದರು. ಕಲೆಯನ್ನರಸಿ ಹೋದ ಕ್ರೂಸ್-ದಿಯೆಸ್ ಅವರ ವಲಸೆಗೂ ಅನ್ನವನ್ನರಸಿ ಹೊರಟವರ ವಲಸೆಗೂ ಅಜಗಜಾಂತರವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಮೊದಲನೆಯವರು ಹಾಸಿದ ನೆಲದಲ್ಲಿ ಎರಡನೆಯವರು ತಮ್ಮ ನಾಡನ್ನು ಗುರುತಿಸಿದರು. ಯಾವ ರಾಜಶಾಸನವೂ ಕಲಾವಿಮರ್ಶಕನ ಪ್ರಶಂಸೆಯೂ ಕೊಡಲಾರದ ಮನ್ನಣೆ ಇದು.

ತುಳಿಯುವ ನೆಲದ ಕಲೆ ಸವೆಯುವುದು ಸಹಜ. ಆದುದರಿಂದಲೇ ಅದಕ್ಕೆ ಗೋಡೆಯ ಚಿತ್ರಕ್ಕಿಂತ ಹೆಚ್ಚಿನ ಪಾಲನೆ ಬೇಕು. ಉದ್ಘಾಟನೆಯ ದಿನ ಕೊಡುವ ಕೈಗಳು ಬಹಳ. ಬಿರುಕು ಬಿಟ್ಟ ದಿನ ನೀಡುವ ಕೈಗಳು ವಿರಳ. ಸಾರ್ವಜನಿಕ ಕಲೆಗೆ ಧನ ನೀಡುವವರು ಅದರ ಸಂರಕ್ಷಣೆಯ ನಿಧಿಯನ್ನೂ ಜೊತೆಯಲ್ಲಿಯೇ ತೆಗೆದಿರಿಸುವುದು ಉಚಿತ. ಜನರು ತಮ್ಮದೆಂದು ಒಪ್ಪಿಕೊಂಡ ಕೃತಿಯನ್ನು ಸವೆದು ಹೋಗಗೊಡುವುದು ಆ ಜನರ ನೆನಪಿಗೇ ಎಸಗುವ ಅಪಚಾರ.